ಮರು: ‘ಇಕ್ವಿವಲೆಂಟ್’ಗೆ ಕನ್ನಡ ಪದ, ಸೋಮವಾರದೊಳಗೆ ಬೇಕು

ಉತ್ತರ ಬರೆದ ಎಲ್ಲರಿಗೂ ವಂದನೆ. ಆದರೆ ಅರ್ಧ ಜನ ಪ್ರಶ್ನೆಯನ್ನೇ ಓದಿಲ್ಲ ಅನ್ನಿಸುತ್ತದೆ. ಇನ್ನೊಮ್ಮೆ ಹೇಳುತ್ತೇನೆ. ಅಸಲು ಬಿಡಿಭಾಗದ ಜಾಗಕ್ಕೆ ಹಾಕುವ ಇನ್ನೊಂದನ್ನು ‘ಇಕ್ವಿವಲೆಂಟ್’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡ ಪದ ಬೇಕು. ನನ್ನ ಮನಸ್ಸಿನಲ್ಲಿರುವುದು ‘ಬದಲಿ’ ಮತ್ತು ‘ಸಾಟಿ’. ತುಮಕೂರಿನಲ್ಲಿ ನಾವು ಮೂವರು ಸೇರಿ ವಿದ್ಯುತ್ ಅಲೆ ತೋರಿಸುವ ಹಳೇ ಆಸಿಲೋಸ್ಕೋಪ್, ಅಲೆ ಹುಟ್ಟಿಸುವ ಸಿಗ್ನಲ್ ಜನರೇಟರ್‌ಗಳನ್ನು ರಿಪೇರಿ ಮಾಡುತ್ತೇವೆ. ಬಿಡಿಭಾಗದ ಡಬ್ಬಿಗಳಿಗೆ ಅಂಟಿಸಲು ಚೀಟಿ ಅಚ್ಚಾಗಬೇಕು. ಕಲಿಯಲು ಬರುವ ಡಿಪ್ಲೊಮಾ ಹುಡುಗರು ಆ ಚೀಟಿ ನೋಡಿಯೇ ಕೈ ಹಾಕುತ್ತಾರೆ.

> ‘ಬದಲಿ’ ಅರಬ್ಬಿ. ‘ಎಣೆ’ ಅಚ್ಚಗನ್ನಡ. ‘ಎಣೆಬಿಡಿ’ ಅನ್ನಿ, ಮುಗೀತು.

ಮುಗಿಯಲಿಲ್ಲ. ಬದಲಿ ಅರಬ್ಬಿಯಿಂದ ಬಂದದ್ದು ನಿಜ. ಜಿಲ್ಲೆ, ತಾಲ್ಲೂಕು, ವಕೀಲ, ಅರ್ಜಿ ಕೂಡ ಅಲ್ಲಿಂದಲೇ ಬಂದವು. ಅವನ್ನೆಲ್ಲ ಯಾರೂ ವಾಪಸ್ ಕಳಿಸಿಲ್ಲ. ನನಗೆ ಬೇಕಿರುವುದು ಅರ್ಥ, ಮೂಲ ಅಲ್ಲ. ಎಣೆ, ಅಂದರೆ ಸಮ, ಈಗ ಆಡುಮಾತಿನಲ್ಲಿ ಎಲ್ಲಿದೆ? ‘ಎಣೆಯಿಲ್ಲದ’ ಅನ್ನುವಲ್ಲಿ ಮಾತ್ರ. ‘ಇಲ್ಲ’ದ ಜೊತೆಗೇ ಬದುಕಿರುವ ಪದವನ್ನು ‘ಇದೆ’ ಅಂತ ಹೇಳುವ ಡಬ್ಬಿಗೆ ಅಂಟಿಸಲು ಮನಸ್ಸಿಲ್ಲ.

> ‘ಪರ್ಯಾಯ ಘಟಕ’ ಗಂಭೀರವಾಗಿದೆ.

ಬೇಡ. ಘಟಕ ಅಂದರೆ ಹುಡುಗರಿಗೆ ಬಸ್ ಡಿಪೋ.

ವಿಷಯ ಇಷ್ಟು. ಬಿಸಿ107 ಟ್ರಾನ್ಸಿಸ್ಟರ್ ಕೇಳಿದರೆ ಬೆಂಗಳೂರಿನ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಬಿಸಿ547 ಕೊಡುತ್ತಾರೆ. ಒಂದು ಲೋಹದ ಟೋಪಿಯದ್ದು, ಇನ್ನೊಂದು ಪ್ಲಾಸ್ಟಿಕ್. ಎರಡೂ ಎನ್‌ಪಿಎನ್ ಜಾತಿಯವು, ಎರಡೂ 45 ವೋಲ್ಟಿನವರೆಗೆ ತಾಳುವವು. ಯಾವ ಕಾಲು ಯಾವುದೆಂದು ನೋಡಿ ಹಾಕಿದರೆ ಸಾಕು, ಸರ್ಕ್ಯೂಟಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಇದು ಸಾಟಿ.

ಇನ್ನು ಎಸಿಯನ್ನು ಡಿಸಿ ಮಾಡುವ ಹಳೇ ಸೆಲೆನಿಯಂ ರೆಕ್ಟಿಫೈಯರ್. ಅದು ಹೋದರೆ 1ಎನ್4007 ಸಿಲಿಕಾನ್ ಡಯೋಡ್ ಹಾಕುತ್ತೇವೆ. ಸಿಲಿಕಾನ್ ತಾನು ತಿನ್ನುವ ವೋಲ್ಟೇಜ್ ಕಡಿಮೆ, ಹಾಗಾಗಿ ಮುಂದಕ್ಕೆ ಹೋಗುವುದು ಜಾಸ್ತಿ. ಸಾಲಿನಲ್ಲಿ ವೋಲ್ಟೇಜ್ ಇಳಿಸುವ ಒಂದು ರೆಸಿಸ್ಟರ್ ಸೇರಿಸದಿದ್ದರೆ ಮುಂದಿರುವ ಹಳೇ ಕೆಪ್ಯಾಸಿಟರ್‌ಗೆ ಪೆಟ್ಟು ಬೀಳುತ್ತದೆ. ಜಾಗ ತುಂಬಿತು, ಗುಣ ಒಂದಲ್ಲ. ಇದು ಬದಲಿ. ಬದಲಿ ಮೇಷ್ಟ್ರು ಬಂದರೂ ಪಾಠ ನಡೆಯುತ್ತದೆ, ಆದರೆ ಅವರೇ ಇವರಲ್ಲ ಅಲ್ವಾ?

ಅಂಗಡಿಯಲ್ಲಿ ಎರಡಕ್ಕೂ ‘ಇಕ್ವಿವಲೆಂಟ್’ ಅಂತಾರೆ. ಎಡವುವುದು ಅಲ್ಲೇ. ಹೋದ ತಿಂಗಳು ಒಬ್ಬ ಹುಡುಗ ರೆಸಿಸ್ಟರ್ ಇಲ್ಲದೆ ಡಯೋಡ್ ಬೆಸೆದ. ಕೆಪ್ಯಾಸಿಟರ್ ಉಬ್ಬಿತು. ಅವನನ್ನು ಬೈಯಲಿಲ್ಲ. ಚೀಟಿಯಲ್ಲಿ ‘ಇಕ್ವಿವಲೆಂಟ್’ ಅಂತ ಬರೆದಿದ್ದವನು ನಾನು.

> ಸಾಟಿ ಅಂದರೆ ಪೈಪೋಟಿಗೆ ನಿಲ್ಲುವವನು. ಬಿಡಿಭಾಗಕ್ಕೆ ಒಗ್ಗದು.

ಒಗ್ಗುತ್ತದೆ. ಸಾಟಿ ವ್ಯಾಪಾರ ಅನ್ನುವ ಮಾತು ಕೇಳಿಲ್ಲವೇ? ಕೊಬ್ಬರಿ ಕೊಟ್ಟು ರಾಗಿ ತಗೊಳ್ಳುವುದು. ಒಂದು ಹೋಗುತ್ತದೆ, ಅದಕ್ಕೆ ಸಮನಾದ ಇನ್ನೊಂದು ಬರುತ್ತದೆ. ‘ಸಮ’ ಮತ್ತು ‘ಅದಲುಬದಲು’ ಎರಡೂ ಅರ್ಥ ಒಂದೇ ಪುಟ್ಟ ಪದದಲ್ಲಿವೆ. ಕೂಡಿಸಿ, ಕತ್ತರಿಸಿ ಹೊಸ ಪದ ಕಟ್ಟುವ ಮೊದಲು ಸಂತೆಯಲ್ಲಿ ಬಿದ್ದಿರುವುದನ್ನು ಹೆಕ್ಕಿಕೊಳ್ಳಬಾರದೇ? ಎರಡಕ್ಷರ, ಚೀಟಿಯಲ್ಲಿ ದಪ್ಪಗೆ ಹಿಡಿಸುತ್ತದೆ.

ಹಾಗಾಗಿ ಅಚ್ಚಿಗೆ ಹೋಗುವುದು ಮೂರು ಚೀಟಿ: ಅಸಲು, ಸಾಟಿ, ಬದಲಿ. ಅಸಲೂ ಅರಬ್ಬಿಯೇ, ಗೊತ್ತು. ಅದರ ಬಗ್ಗೆ ಬೇರೆ ಎಳೆ ಶುರುಮಾಡಿ, ಬರುತ್ತೇನೆ.

ಇಲ್ಲಿ ಒಂದೇ ಉಳಿದಿದೆ. ‘ಬದಲಿ’ ಚೀಟಿಯ ಕೆಳಗೆ, ಸರ್ಕ್ಯೂಟನ್ನು ಸರಿಹೊಂದಿಸಿಕೊಂಡೇ ಇದನ್ನು ಹಾಕಬೇಕು ಅಂತ ಚಿಕ್ಕದಾಗಿ ಹೇಳಬೇಕು. ‘ತಿದ್ದಿ ಹಾಕಿ’ ಅಂದರೆ ಹುಡುಗರಿಗೆ ತಿಳಿಯುತ್ತದೆಯೇ? ನಾಳೆ ಸಂಜೆಯೊಳಗೆ ಹೇಳಿ.