ಬೇಸಿಗೆ ರಜೆಯಲ್ಲಿ ಕಾನೂನು ನೆರವಿನ ಇಂಟರ್ನ್‌ಶಿಪ್: ಅರ್ಜಿ ಎಲ್ಲಿ, ಲೆಕ್ಕ ಹೇಗೆ?

ಎಲ್‌ಎಲ್‌ಬಿ_ನಾಲ್ಕನೇ_ಸೆಮ್:
ಮೂರು ವರ್ಷದ ಕೋರ್ಸ್. ರಜೆಯಲ್ಲಿ ಆರು ವಾರ ಬಿಡುವಿದೆ. ಲಾ ಫರ್ಮ್ ಬೇಡ, ಬಡವರ ಕೇಸುಗಳ ಕೆಲಸ ಕಲಿಯಬೇಕು. ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೇ ಆರೂ ವಾರ ಮಾಡಿದರೆ ಕಾಲೇಜು ಒಪ್ಪುತ್ತದಾ? ಸ್ಟೈಪೆಂಡ್ ಇರುತ್ತದಾ?

ಕೋರ್ಟ್‌ಹಾಲ್3:
ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಂತೆ ನಿಮಗೆ ಒಟ್ಟು ಕನಿಷ್ಠ 12 ವಾರ ಆಗಬೇಕು, ಐದು ವರ್ಷದವರಿಗೆ 20. ಯಾವುದೇ ವರ್ಷ ಸತತ ನಾಲ್ಕು ವಾರ ಮೀರುವಂತಿಲ್ಲ. ಹಾಗಾಗಿ ಮಿಕ್ಕ ಎರಡು ವಾರವನ್ನು ಸ್ವಯಂಸೇವೆ ಅಂದುಕೊಳ್ಳಿ. ವಿಚಾರಣಾ ಮತ್ತು ಮೇಲ್ಮನವಿ ವಕೀಲರ ಬಳಿ ಒಮ್ಮೆಯಾದರೂ ಇರಲೇಬೇಕು, ಪೂರ್ತಿ 12 ವಾರವನ್ನೂ ಪ್ರಾಧಿಕಾರದಲ್ಲೇ ಮುಗಿಸುವ ಯೋಚನೆ ಬಿಡಿ. ಡೈರಿಯನ್ನು ಅಂದಂದೇ ಬರೆಯಿರಿ. ಅದನ್ನು ಮಾರ್ಗದರ್ಶಕರೂ ಕಾಲೇಜಿನ ಅಧ್ಯಾಪಕರೂ ನೋಡಿ ಅಂಕ ಹಾಕುತ್ತಾರೆ. ಸ್ಟೈಪೆಂಡ್ ನಂಬಿಕೊಂಡು ಹೊರಡಬೇಡಿ.

ನ್ಯಾಯಬಂಡಿ:
ಅರ್ಜಿ ಸದಸ್ಯ ಕಾರ್ಯದರ್ಶಿಯವರ ಹೆಸರಿಗೆ. ಕಾಲೇಜಿನ ಪತ್ರ, ಬೋನಫೈಡ್, ಐಡಿ ಕಾರ್ಡ್ ಪ್ರತಿ ಜೊತೆಗಿರಲಿ. ಪತ್ರದಲ್ಲಿ ಶುರು ಮತ್ತು ಕೊನೆಯ ದಿನಾಂಕ ಇರಲೇಬೇಕು. 'ರಜಾ ಅವಧಿಯಲ್ಲಿ' ಅಂತ ಬರೆಸಿಕೊಂಡು ಹೋದರೆ ವಾಪಸ್ ಕಳಿಸಿಯಾರು. ಇನ್ನೊಂದು, ಬೇಸಿಗೆಯಲ್ಲಿ ಸಿವಿಲ್ ಕೋರ್ಟುಗಳಿಗೂ ರಜೆ. ಕಲಾಪ ನೋಡುವ ಆಸೆಯಿದ್ದರೆ ಆ ದಿನಗಳನ್ನು ತಪ್ಪಿಸಿ, ಇಲ್ಲವೇ ಜೈಲಿನ ಕೆಲಸ ಕೇಳಿಕೊಳ್ಳಿ.

ನೆರವು ಕೇಳಿಕೊಂಡು ಅರ್ಜಿದಾರರು ಬಂದಾಗ ಮೊದಲು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12 ನೋಡಬೇಕು, ಉಚಿತ ನೆರವು ಯಾರಿಗೆ ಅಂತ ಹೇಳುವುದು ಅದೇ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರು ಬಂದರೆ ಆದಾಯದ ಪ್ರಶ್ನೆಯೇ ಇಲ್ಲ. ಹೊಸಬರು ಎಲ್ಲರಿಗೂ ಆದಾಯ ಪ್ರಮಾಣಪತ್ರ ತನ್ನಿ ಅಂತ ಹೇಳಿ, ಪಾಪ, ಇನ್ನೊಂದು ಸಲ ಬಸ್ಸು ಹತ್ತಿಸುತ್ತಾರೆ.

ಕೋರ್ಟ್‌ಹಾಲ್3:
ಜೈಲಿನ ಕೆಲಸವೇ ಒಳ್ಳೆಯದು, ಕಲಿಯುವುದು ಅಲ್ಲೇ ಜಾಸ್ತಿ. ಪ್ರಾಧಿಕಾರದ ಅನುಮತಿ, ಜೊತೆಗೆ ಪ್ಯಾನಲ್ ವಕೀಲರು (ಪ್ರಾಧಿಕಾರದ ಪಟ್ಟಿಯಲ್ಲಿರುವ ವಕೀಲರು) ಇಲ್ಲದೆ ಗೇಟಿನ ಹತ್ತಿರ ಹೋಗಬೇಡಿ. ಪ್ರತಿಯೊಬ್ಬ ವಿಚಾರಣಾಧೀನ ಕೈದಿಯ ಹೆಸರಿನ ಮುಂದೆ ಬಂಧನದ ದಿನಾಂಕ, ಹಾಕಿರುವ ಸೆಕ್ಷನ್‌ಗಳು, ಗರಿಷ್ಠ ಶಿಕ್ಷೆ, ಹಿಂದೆ ಶಿಕ್ಷೆಯಾಗಿದೆಯೇ, ಬೇರೆ ಕೇಸು ಬಾಕಿಯಿದೆಯೇ ಎಂದು ಬರೆದುಕೊಳ್ಳಿ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 479ರಲ್ಲಿ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿ ಒಳಗೆ ಕಳೆದಿದ್ದರೆ ಜಾಮೀನು. ಹಿಂದೆಂದೂ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಇರುವ ಅಪರಾಧಗಳಿಗೆ ಇದಿಲ್ಲ. ಬೇರೆ ಕೇಸು ಬಾಕಿಯಿದ್ದರೂ ಸಿಗದು. ಹೊಸಬರು ಬೇರೆ ಕೇಸಿನ ಈ ಕೊನೆಯ ಕಾಲಂ ಅನ್ನೇ ಖಾಲಿ ಬಿಟ್ಟು ಪಟ್ಟಿ ಕೆಡಿಸುವುದು.

ಜಾಮೀನು ಸಿಕ್ಕೂ ಶ್ಯೂರಿಟಿ (ಹೊಣೆ ನಿಲ್ಲುವವರು) ಇಲ್ಲದೆ ಒಳಗಿರುವವರ ಪಟ್ಟಿ ಬೇರೆ ಮಾಡಿ. 2023ರ ಜನವರಿಯ ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರಕ್ಕೆ ತಿಳಿಸಬೇಕು.

ಎಲ್‌ಎಲ್‌ಬಿ_ನಾಲ್ಕನೇ_ಸೆಮ್:
ಜಾಮೀನು ಅರ್ಜಿ ನಾನೇ ಬರೆಯಬಹುದಾ?

ನ್ಯಾಯಬಂಡಿ:
ಕರಡು ಬರೆಯಿರಿ, ತಿದ್ದಿ ಸಹಿ ಹಾಕುವುದು ವಕೀಲರು. ವಕಾಲತ್ತು, ವಾದ ಎರಡೂ ನೋಂದಾಯಿತ ವಕೀಲರದ್ದೇ. 'ಇಷ್ಟು ದಿನದಲ್ಲಿ ಹೊರಗೆ ಬರ್ತೀರಿ' ಅಂತ ಕೈದಿಗಾಗಲಿ ಮನೆಯವರಿಗಾಗಲಿ ಮಾತು ಕೊಡಬೇಡಿ. ಡೈರಿಯಲ್ಲಿ ಅವರ ಹೆಸರೂ ಬೇಡ.