ಹವ್ಯಾಸಿ ಖಗೋಳ ತಾಣದ ಹಳೆಯ ವಿನ್ಯಾಸಗಳನ್ನು ಹೇಗೆ ಉಳಿಸಿ ತೋರಿಸುವುದು?

ಇರುಳಾಕಾಶ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೇಲ್-ಬಾಪ್ ಧೂಮಕೇತು ಬರಿಗಣ್ಣಿಗೆ ಕಾಣುತ್ತಿದ್ದ 1997ರಲ್ಲಿ ಆರಂಭಿಸಿದ ಆಕಾಶವೀಕ್ಷಣೆಯ ಜಾಲತಾಣವೊಂದನ್ನು ನಾನು ಇಂದಿಗೂ ನಡೆಸಿಕೊಂಡು ಬಂದಿದ್ದೇನೆ. ಚಂದ್ರನ ಕುಳಿಗಳನ್ನು ದೂರದರ್ಶಕದಲ್ಲಿ ನೋಡುತ್ತ ಬಿಡಿಸಿದ ರೇಖಾಚಿತ್ರಗಳು, ಗುರು ಮತ್ತು ಶನಿಯ ವೀಕ್ಷಣಾ ಟಿಪ್ಪಣಿಗಳು, 2004 ಮತ್ತು 2012ರ ಶುಕ್ರ ಸಂಕ್ರಮಣಗಳ ಛಾಯಾಚಿತ್ರಗಳು ಅದರಲ್ಲಿವೆ. ಈಗ ತಾಣದ ಮುಖ ವರ್ಷಗಳುದ್ದಕ್ಕೂ ಹೇಗೆ ಬದಲಾಯಿತು ಎಂಬುದನ್ನು ತೋರಿಸುವ ವಿಭಾಗವೊಂದನ್ನು ಸೇರಿಸಬೇಕೆಂದಿದ್ದೇನೆ.

ಸ್ಥೂಲವಾಗಿ ಹೇಳುವುದಾದರೆ, ಮೊದಲ ರೂಪದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ನಕ್ಷತ್ರಗಳ ಪುಟ್ಟ ಚಿತ್ರವೊಂದು ಹೆಂಚು ಹೊದಿಸಿದಂತೆ ಪುಟದ ತುಂಬ ಪುನರಾವರ್ತನೆಯಾಗುತ್ತಿತ್ತು. ಅಕ್ಷರಗಳು ಹಳದಿ ಬಣ್ಣದವು. ಎಡಗಡೆಯ ಫ್ರೇಮಿನಲ್ಲಿ (ಪರದೆಯೊಳಗೆ ಬೇರೊಂದು ಪುಟವನ್ನು ತೋರಿಸುವ ಭಾಗ) ಎಲ್ಲ ಪುಟಗಳ ಪಟ್ಟಿ, ಅದರ ಕೆಳಗೆ ಆ ದಿನದ ಚಂದ್ರಕಲೆಯನ್ನು ತೋರಿಸುವ ಜಾವಾ ಆ್ಯಪ್ಲೆಟ್ ಎಂಬ ಪುಟ್ಟ ಪ್ರೋಗ್ರಾಂ, ಪುಟದ ಕೊನೆಯಲ್ಲಿ ಸಂದರ್ಶಕರ ಎಣಿಕೆ ಮತ್ತು 800×600 ಪರದೆಯಲ್ಲಿ ನೋಡಿದರೆ ಚೆನ್ನ ಎಂಬ ಸೂಚನೆ ಇದ್ದವು. 2001ರ ಸುಮಾರಿಗೆ ಟೇಬಲ್‌ಗಳ (ಕೋಷ್ಟಕಗಳ) ಆಧಾರದ ಮೇಲೆ, ತುಂಡು ತುಂಡಾಗಿ ಕತ್ತರಿಸಿದ ಚಿತ್ರಗಳನ್ನು ಜೋಡಿಸಿ ಎರಡನೆಯ ರೂಪವನ್ನು ಕಟ್ಟಿದೆ. 2005ರಲ್ಲಿ ಎಲ್ಲವನ್ನೂ ಪುಟದ ನೋಟವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಗೆ ತಂದು ಬಿಳಿ ಹಿನ್ನೆಲೆಗೆ ಬದಲಿಸಿದೆ. 2013ರಲ್ಲಿ ಮೊಬೈಲ್ ಪರದೆಗೂ ಹೊಂದುವ ವಿನ್ಯಾಸ ಬಂತು. ಈಚೆಗೆ ಓದುಗರ ಆಯ್ಕೆಗೆ ತಕ್ಕಂತೆ ಕಪ್ಪು ಹಿನ್ನೆಲೆ ಮತ್ತು ಗಾಢ ಕೆಂಪು ಬಣ್ಣದ ಇರುಳು ನೋಟವನ್ನೂ ಸೇರಿಸಿದ್ದೇನೆ.

ಮೊದಲ ಹಾಗೂ ಮೂರನೆಯ ರೂಪಗಳ ಎಲ್ಲ ಫೈಲುಗಳು ನನ್ನಲ್ಲಿವೆ. ಎರಡನೆಯದು ಉಚಿತ ಸ್ಥಳಾವಕಾಶ ಕೊಡುತ್ತಿದ್ದ ಸೇವೆಯೊಂದರಲ್ಲಿತ್ತು. ಆ ಸೇವೆ ಸ್ಥಗಿತಗೊಂಡಾಗ ಫೈಲುಗಳೂ ಹೋದವು. ಹಳೆಯ ರೂಪಗಳನ್ನು ಸ್ಕ್ರೀನ್‌ಶಾಟ್‌ಗಳಾಗಿ ಇಡುವುದು ಸರಿಯೇ, ಅಥವಾ ಓದುಗರು ಒಳಗೆ ಓಡಾಡಬಹುದಾದ ನಿಜವಾದ ಪುಟಗಳಾಗಿಯೇ ಇಡಬೇಕೇ? ಕಳೆದುಹೋದ ರೂಪವನ್ನು ಎಲ್ಲಿಂದ, ಎಷ್ಟರಮಟ್ಟಿಗೆ ಮರಳಿ ಪಡೆಯಬಹುದು? ಪ್ರತಿಯೊಂದು ರೂಪದ ಜೊತೆಗೆ ಏನನ್ನು ಬರೆದರೆ ಅದು ಹೊಸ ಓದುಗರಿಗೆ ಅರ್ಥಪೂರ್ಣವಾಗುತ್ತದೆ? ಹಳದಿ ಅಕ್ಷರಗಳ ಮೊದಲ ಪುಟವನ್ನು ಕಂಡು ಹಲವರು ನಗುತ್ತಾರೆ. ನನಗೆ ಅದರ ಬಗ್ಗೆ ಇಂದಿಗೂ ಗೌರವವಿದೆ. ಅದನ್ನು ಕೇವಲ ತಮಾಷೆಯ ವಸ್ತುವಾಗಿ ತೋರಿಸಲು ಮನಸ್ಸಿಲ್ಲ.

ಹಳೆಕಡತ

ಫೈಲುಗಳು ಇರುವ ರೂಪಗಳನ್ನು ನಿಜವಾದ ಪುಟಗಳಾಗಿಯೇ ಇಡಿ. ಜಾಲಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ದೊಡ್ಡ ಗುಣವೆಂದರೆ ಹಳೆಯದನ್ನು ಅದು ಕೈಬಿಡುವುದಿಲ್ಲ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ಮೊತ್ತಮೊದಲ ಜಾಲತಾಣದ ಪುಟಗಳನ್ನು 2013ರಲ್ಲಿ ಮತ್ತೆ ಅದರ ಮೂಲ ವಿಳಾಸದಲ್ಲೇ ಪ್ರಕಟಿಸಿದಾಗ, ಅಂದಿನ ಬ್ರೌಸರ್‌ಗಳಲ್ಲಿ ಅವು ಯಾವ ತೊಡಕೂ ಇಲ್ಲದೆ ತೆರೆದುಕೊಂಡವು. ಫ್ರೇಮ್‌ಗಳನ್ನು ಎಚ್‌ಟಿಎಂಎಲ್5 ಬಳಕೆಯಿಂದ ಹೊರಗಿಟ್ಟಿದೆಯಾದರೂ ಬ್ರೌಸರ್‌ಗಳು ಅವನ್ನು ಈಗಲೂ ತೋರಿಸುತ್ತವೆ. ಆದ್ದರಿಂದ ನಿಮ್ಮ ಎಡಗಡೆಯ ಪಟ್ಟಿ ಇಂದಿಗೂ ಕೆಲಸ ಮಾಡಬೇಕು.

ಕೆಲಸ ಮಾಡದೆ ಇರುವುದು ಆ ಚಂದ್ರಕಲೆಯ ಆ್ಯಪ್ಲೆಟ್. ಅದನ್ನು ಬ್ರೌಸರ್‌ನೊಳಗೆ ಓಡಿಸುವ ಜಾವಾ ಪ್ಲಗಿನ್‌ಗೆ ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ಬೆಂಬಲ ನಿಲ್ಲಿಸಿದವು. ಅದರ ಜಾಗದಲ್ಲಿ ಅದೇ ಅಳತೆಯ ಸ್ಥಿರಚಿತ್ರವೊಂದನ್ನಿಟ್ಟು, ಇಲ್ಲಿ ಪ್ರತಿದಿನ ಬದಲಾಗುವ ಚಂದ್ರನಿದ್ದನೆಂದು ಒಂದು ಸಾಲು ಬರೆಯಿರಿ. ಎಲ್ಲಿಯಾದರೂ ಫ್ಲ್ಯಾಶ್ ಬಳಸಿದ್ದರೆ ಅದರ ಸ್ಥಿತಿ ಸ್ವಲ್ಪ ಉತ್ತಮ; ಅಡೋಬಿ ಸಂಸ್ಥೆಯ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿದರೂ ಫ್ಲ್ಯಾಶ್‌ನಂತೆಯೇ ವರ್ತಿಸುವ ರಫಲ್ ಎಂಬ ತಂತ್ರಾಂಶ (ಎಮ್ಯುಲೇಟರ್) ಬಹಳಷ್ಟು ಹಳೆಯ ಫೈಲುಗಳನ್ನು ಓಡಿಸುತ್ತದೆ. ಸಂದರ್ಶಕರ ಎಣಿಕೆ ಬೇರೊಬ್ಬರ ಸರ್ವರಿನಿಂದ ಬರುತ್ತಿದ್ದರೆ ಅಲ್ಲಿ ಮುರಿದ ಚಿತ್ರದ ಗುರುತು ಕಾಣುತ್ತದೆ. ಅಲ್ಲಿ ಕೃತಕ ಸಂಖ್ಯೆಯನ್ನು ಮಾತ್ರ ತುಂಬಬೇಡಿ.

ಕಳೆದುಹೋದ ಎರಡನೆಯ ರೂಪಕ್ಕೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್ ನೋಡಿ. ಆ ಸಂಸ್ಥೆ 1996ರಿಂದಲೇ ಪುಟಗಳನ್ನು ಸಂಗ್ರಹಿಸುತ್ತ ಬಂದಿದೆ. ಸಾರ್ವಜನಿಕರಿಗೆ ಅವನ್ನು ತೆರೆದದ್ದು 2001ರಲ್ಲಿ. ಇಲ್ಲೊಂದು ಎಚ್ಚರಿಕೆ ಅಗತ್ಯ, ಏಕೆಂದರೆ ಬಹಳ ಮಂದಿ ಇದನ್ನು ಗಮನಿಸುವುದೇ ಇಲ್ಲ. ಅಲ್ಲಿ ಒಂದು ಪುಟವನ್ನು ತೆರೆದಾಗ ಪಠ್ಯ ಒಂದು ದಿನ ಸಂಗ್ರಹವಾದದ್ದಾಗಿರಬಹುದು, ಅದರೊಳಗಿನ ಚಿತ್ರಗಳು ತಿಂಗಳುಗಳ ಅಥವಾ ವರ್ಷಗಳ ಬಳಿಕ ಸಂಗ್ರಹವಾದವಾಗಿರಬಹುದು. ತೆರೆಯ ಮೇಲೆ ಅವೆಲ್ಲ ಒಟ್ಟಾಗಿ ಒಂದೇ ಪುಟವಾಗಿ ಕಾಣುತ್ತವೆ. ಹಾಗೆ ಕಾಣುವ ಪುಟ ಯಾವ ಕಾಲದಲ್ಲೂ ಯಾರ ಪರದೆಯ ಮೇಲೂ ಮೂಡಿರದೆ ಇರುವ ಸಾಧ್ಯತೆಯಿದೆ. ಮುಖ್ಯವಾಗಿ ನಿಮ್ಮ ತಾಣದಲ್ಲಿ ತುಂಡರಿಸಿದ ಚಿತ್ರಗಳಿಂದಲೇ ವಿನ್ಯಾಸ ರೂಪುಗೊಂಡಿದ್ದರಿಂದ, ಪ್ರತಿ ತುಂಡಿನ ಸಂಗ್ರಹದ ದಿನಾಂಕವನ್ನು ಬೇರೆಯಾಗಿ ಪರೀಕ್ಷಿಸಬೇಕು. ವಿಳಾಸದಲ್ಲಿ ಕಾಣುವ 14 ಅಂಕಿಗಳೇ ಆ ಕಾಲದ ಗುರುತು: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಆ ಅಂಕಿಗಳಿಗೆ ಅಂಟಿದಂತೆ ಇಂಗ್ಲಿಷಿನ ಐ, ಡಿ ಎಂಬ ಎರಡು ಸಣ್ಣಕ್ಷರಗಳನ್ನೂ ಒಂದು ಅಂಡರ್‌ಸ್ಕೋರನ್ನೂ ಸೇರಿಸಿದರೆ, ಆರ್ಕೈವ್ ತಾನು ಸೇರಿಸುವ ಮೇಲಿನ ಪಟ್ಟಿ ಹಾಗೂ ಮಾರ್ಪಡಿಸಿದ ಕೊಂಡಿಗಳಿಲ್ಲದ ಮೂಲ ಫೈಲು ಸಿಗುತ್ತದೆ. ಇಳಿಸಿಕೊಳ್ಳಬೇಕಾದದ್ದು ಅದನ್ನೇ.

ಸಿಕ್ಕದ ತುಂಡುಗಳನ್ನು ಹೊಸದಾಗಿ ಬಿಡಿಸಿ ಸೇರಿಸಬೇಡಿ. ಖಾಲಿ ಜಾಗ ಖಾಲಿಯಾಗಿಯೇ ಇರಲಿ.

ಬಿಳಿಪುಟ

ಮೇಲಿನ ಸಲಹೆಗಳನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಎಲ್ಲ ರೂಪಗಳನ್ನೂ ಜೀವಂತವಾಗಿಟ್ಟರೆ ಅದೇ ವೀಕ್ಷಣಾ ಟಿಪ್ಪಣಿ ಹಲವು ವಿಳಾಸಗಳಲ್ಲಿ ಕಾಣಿಸಿಕೊಳ್ಳುತ್ತದೆ. ನೀವು ನಂತರ ತಿದ್ದಿದ ವಿವರಗಳ ಹಳೆಯ ಪಾಠಕ್ಕೆ ಹುಡುಕುತಾಣಗಳು ಹೊಸಬರನ್ನು ಕರೆದೊಯ್ಯುತ್ತವೆ. ಗ್ರಹಣವನ್ನು ನೋಡುವಾಗಿನ ಕಣ್ಣಿನ ರಕ್ಷಣೆಯಂಥ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಹಳೆಯ ರೂಪಗಳನ್ನು ಪ್ರತ್ಯೇಕ ಡೈರೆಕ್ಟರಿಯಲ್ಲಿಟ್ಟು, ಹುಡುಕುತಾಣಗಳು ಅವನ್ನು ಸೂಚಿಗೆ ಸೇರಿಸದಂತೆ ಗುರುತು ಹಾಕಿ, ಪ್ರತಿ ಪುಟದಿಂದ ಇಂದಿನ ಪುಟಕ್ಕೆ ಕೊಂಡಿ ಕೊಡುವುದು ಕನಿಷ್ಠ ಜವಾಬ್ದಾರಿ.

ಜೊತೆಗೆ, 2005ರ ಬಿಳಿ ಹಿನ್ನೆಲೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಕಪ್ಪಿನ ಮೇಲೆ ಕೊಂಡಿಗಳ ಸಹಜ ನೀಲಿ ಬಣ್ಣ ಬಹುತೇಕ ಅಳಿಸಿಹೋಗುತ್ತದೆ, ಹಳದಿ ಅಕ್ಷರಗಳ ಉದ್ದನೆಯ ಪರಿಚ್ಛೇದಗಳು ಕಣ್ಣನ್ನು ದಣಿಸುತ್ತವೆ. ಟಿಪ್ಪಣಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕೆಂದುಕೊಂಡವರಿಗೆ ನಿಮ್ಮ ಮೂರನೆಯ ರೂಪವೇ ಮೊದಲ ಬಾರಿಗೆ ಆ ಅನುಕೂಲ ಮಾಡಿಕೊಟ್ಟಿತು.

ಮಸೂರ

ನಿಮ್ಮ ಮೂರನೆಯ ಪ್ರಶ್ನೆಯೇ ನನಗೆ ಮುಖ್ಯವೆನಿಸಿತು. ಪ್ರತಿ ರೂಪದ ಪಕ್ಕದಲ್ಲಿ ಹೇಗೆ ಕಾಣುತ್ತಿತ್ತು ಎನ್ನುವುದಕ್ಕಿಂತ, ಅದನ್ನು ನೋಡುತ್ತಿದ್ದವರು ಎಲ್ಲಿ ಕುಳಿತಿದ್ದರು, ಅವರ ಮುಂದೆ ಎಂಥ ಪರದೆಯಿತ್ತು, ಪುಟ ಬರಲು ಎಷ್ಟು ಹೊತ್ತು ಕಾಯಬೇಕಿತ್ತು ಎನ್ನುವುದನ್ನು ಬರೆಯಿರಿ. ಅಷ್ಟು ಗೊತ್ತಾದರೆ ಹಳದಿ ಅಕ್ಷರಗಳನ್ನು ಕಂಡು ಯಾರೂ ನಗಲಾರರು.

1997ರ ಪುಟವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ 50 ಕಿಲೋಬೈಟಿನ ಒಂದೇ ಒಂದು ಛಾಯಾಚಿತ್ರ ಬರಲು, ಸಂಪರ್ಕ ಪೂರ್ಣ ವೇಗದಲ್ಲಿದ್ದರೂ, ಸುಮಾರು 14 ಸೆಕೆಂಡು ಬೇಕಾಗುತ್ತಿತ್ತು. ಅಂಥ ಸಂಪರ್ಕದಲ್ಲಿ ಇಡೀ ಪರದೆಯನ್ನು ಆಕಾಶವಾಗಿಸುವುದು ಹೇಗೆ? 64×64 ಚುಕ್ಕಿಗಳ, ಕೆಲವೇ ಬಣ್ಣಗಳ ಜಿಫ್ ಚಿತ್ರವೊಂದು ಒಂದು ಕಿಲೋಬೈಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಅದು ಒಮ್ಮೆ ಬಂದರೆ ಸಾಕು, ಬ್ರೌಸರ್ ಅದನ್ನೇ ಪುಟದ ತುಂಬ ಹರಡುತ್ತದೆ. ನಿಮ್ಮ ನಕ್ಷತ್ರದ ಹಿನ್ನೆಲೆ ಆ ಕಾಲದ ಅತ್ಯಂತ ಮಿತವ್ಯಯದ ಅಲಂಕಾರ. ಅನೇಕರ ಪರದೆಗಳು 256 ಬಣ್ಣಗಳನ್ನಷ್ಟೇ ತೋರಿಸುತ್ತಿದ್ದವು. ಎಲ್ಲ ಯಂತ್ರಗಳಲ್ಲೂ ನಂಬಬಹುದಾದವು ಅವುಗಳಲ್ಲಿ 216 ಮಾತ್ರ. ನೀಹಾರಿಕೆಯ ಚಿತ್ರದಲ್ಲಿ ಕಪ್ಪಿನಿಂದ ಬೂದು ಬಣ್ಣಕ್ಕೆ ನಯವಾಗಿ ಸರಿಯಬೇಕಾದ ಅಂಚು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತಿತ್ತು. ಅದಕ್ಕೇ ಆಗಿನ ಹವ್ಯಾಸಿಗಳ ತಾಣಗಳಲ್ಲಿ ಛಾಯಾಚಿತ್ರಕ್ಕಿಂತ ಪೆನ್ಸಿಲಿನ ರೇಖಾಚಿತ್ರಗಳು ಹೆಚ್ಚು ಸೊಗಸಾಗಿ ಕಾಣುತ್ತಿದ್ದವು. ನಿಮ್ಮ ಚಂದ್ರನ ಕುಳಿಗಳ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆಂದು ಭಾವಿಸುತ್ತೇನೆ. ಇನ್ನೊಂದು ಸೂಕ್ಷ್ಮ: 2009ರವರೆಗೆ ಮ್ಯಾಕ್ ಯಂತ್ರಗಳ ಗಾಮಾ ಮೌಲ್ಯ (ಪರದೆಯಲ್ಲಿ ನಡುವಣ ಛಾಯೆಗಳು ಎಷ್ಟು ಗಾಢವಾಗಿ ಕಾಣುತ್ತವೆ ಎಂಬುದರ ಅಳತೆ) ಸಾಮಾನ್ಯವಾಗಿ 1.8, ವಿಂಡೋಸ್ ಯಂತ್ರಗಳದು ಸುಮಾರು 2.2. ಒಂದರಲ್ಲಿ ಹದವಾಗಿ ಕಂಡ ಮಸುಕು ಗೆಲಾಕ್ಸಿ ಇನ್ನೊಂದರ ಕತ್ತಲಲ್ಲಿ ಮುಳುಗಿಹೋಗುತ್ತಿತ್ತು.

ಎರಡನೆಯ ರೂಪದ ಟೇಬಲ್‌ಗಳನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಸಿಎಸ್‌ಎಸ್‌ನ ಮೊದಲ ಅಧಿಕೃತ ಮಾನದಂಡ 1996ರ ಡಿಸೆಂಬರಿನಲ್ಲೇ ಬಂದಿದ್ದರೂ ಬ್ರೌಸರ್‌ಗಳು ಅದನ್ನು ಒಂದೊಂದು ರೀತಿಯಲ್ಲಿ ಅರ್ಥೈಸುತ್ತಿದ್ದವು. ಎಲ್ಲೆಡೆ ಒಂದೇ ರೀತಿ ಕಾಣಬೇಕೆಂದರೆ ಟೇಬಲ್ ಬಿಟ್ಟು ಬೇರೆ ನೆಚ್ಚಿಕೆಯ ದಾರಿ ಇರಲಿಲ್ಲ. ನಿಮ್ಮ ಹಳೆಯ ಫೈಲು ಸಿಕ್ಕರೆ ಅದರ ಮೂಲವನ್ನು ತೆರೆದು ನೋಡಿ. 50 ಬೈಟ್‌ಗೂ ಕಡಿಮೆ ತೂಕದ, ಒಂದೇ ಒಂದು ಪಾರದರ್ಶಕ ಚುಕ್ಕಿಯ ಜಿಫ್ ಚಿತ್ರವನ್ನು ಉದ್ದಕ್ಕೂ ಅಗಲಕ್ಕೂ ಎಳೆದು ಸಾಲುಗಳ ನಡುವೆ ಅಂತರ ತಂದಿರುವುದು ಕಾಣಬಹುದು. ಆ ಒಂದು ಸಾಲಿನ ಸಂಕೇತವನ್ನು ಓದುಗರಿಗೂ ತೋರಿಸಿ.

ಇನ್ನು ಬಣ್ಣದ ವಿಚಾರ. ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಮತ್ತೆ ಕಪ್ಪಿಗೆ ಬಂದದ್ದನ್ನು ಹಳೆಯ ರುಚಿ ಮರಳಿತೆಂದು ಓದುವುದು ತಪ್ಪಾಗುತ್ತದೆ. ಮೊದಲ ಕಪ್ಪನ್ನು ನೋಡುತ್ತಿದ್ದವರು ಮನೆಯೊಳಗೆ ಮೇಜಿನ ಮುಂದೆ ಕುಳಿತಿದ್ದರು. ಅವರಿಗೆ ಅದು ಆಕಾಶದ ಚಿತ್ರ. ಈಗಿನ ಪುಟವನ್ನು ತೆರೆಯುವವರು ದೂರದರ್ಶಕದ ಪಕ್ಕದಲ್ಲಿ, ಕತ್ತಲಲ್ಲಿ, ಕೈಯಲ್ಲಿ ಮೊಬೈಲ್ ಹಿಡಿದು ನಿಂತಿರುತ್ತಾರೆ. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಬಿಳಿ ಪರದೆಯತ್ತ ಒಮ್ಮೆ ನೋಡಿದರೆ ಅದೆಲ್ಲ ಕ್ಷಣದಲ್ಲಿ ಹಾಳಾಗುತ್ತದೆ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕಣ್ಣಿನ ಕೋಶಗಳು ಗಾಢ ಕೆಂಪಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲವಾದ್ದರಿಂದ ನಿಮ್ಮ ಕೆಂಪು ನೋಟ ಒಂದು ಉಪಕರಣವೇ ಆಗಿದೆ. 2010ರಲ್ಲಿ ಜಾಲವಿನ್ಯಾಸಕ ಈಥನ್ ಮಾರ್ಕಾಟ್ ಅವರು ಪರದೆಯ ಅಗಲಕ್ಕೆ ತಕ್ಕಂತೆ ಹೊಂದಿಕೊಳ್ಳುವ ವಿನ್ಯಾಸದ ಪರಿಕಲ್ಪನೆಯನ್ನು ಮುಂದಿಟ್ಟದ್ದು ನಮ್ಮ ಹವ್ಯಾಸಕ್ಕೆ ಕೊಟ್ಟ ದೊಡ್ಡ ಲಾಭ ಇದು: ತಾಣ ಮನೆಯಿಂದ ಹೊರಗೆ, ಆಕಾಶದ ಕೆಳಗೆ ಬಂತು. 2019ರ ಹೊತ್ತಿಗೆ ಪ್ರಮುಖ ಬ್ರೌಸರ್‌ಗಳು ಓದುಗರ ಬಣ್ಣದ ಆಯ್ಕೆಯನ್ನು ತಾಣಕ್ಕೆ ತಿಳಿಸತೊಡಗಿದ ಮೇಲೆ ಬಿಳಿಪುಟ ಅವರು ಹೇಳಿದ ಓದಿನ ಅನುಕೂಲವನ್ನೂ ಬಿಟ್ಟುಕೊಡಬೇಕಾಗಿಲ್ಲ.

ಆದರೆ ಒಂದನ್ನು ನಾವು ಕಳೆದುಕೊಂಡಿದ್ದೇವೆ, ಅದನ್ನೂ ಬರೆಯಿರಿ. ಎಡಗಡೆಯ ಫ್ರೇಮಿನಲ್ಲಿ ಇಡೀ ತಾಣ ಒಂದೇ ನೋಟಕ್ಕೆ ಕಾಣುತ್ತಿತ್ತು. ಗುರುವಿನ ಪುಟ ಓದುತ್ತಿದ್ದವರ ಕಣ್ಣಿಗೆ ಧೂಮಕೇತುಗಳ ಪುಟದ ಹೆಸರೂ ಬೀಳುತ್ತಿತ್ತು. ಮೂರು ಗೆರೆಗಳ ಗುಂಡಿಯ ಹಿಂದೆ ಪಟ್ಟಿಯನ್ನು ಅಡಗಿಸಿದ ಮೇಲೆ ಆ ಆಕಸ್ಮಿಕ ಭೇಟಿಗಳು ಕಡಿಮೆಯಾದವು. ಫ್ರೇಮಿನಲ್ಲಿ ಯಾವ ಪುಟಕ್ಕೆ ಹೋದರೂ ಮೇಲಿನ ವಿಳಾಸ ಬದಲಾಗುತ್ತಿರಲಿಲ್ಲ, ಹಾಗಾಗಿ ಒಂದು ಪುಟದ ಕೊಂಡಿಯನ್ನು ಇನ್ನೊಬ್ಬರಿಗೆ ಕಳುಹಿಸುವುದು ಕಷ್ಟವಾಗಿತ್ತು ಎಂಬ ದೋಷವನ್ನು ನಾನು ಮರೆತಿಲ್ಲ. ಆದರೂ ದೊಡ್ಡ ಪರದೆಯಲ್ಲಾದರೂ ಆ ಪಟ್ಟಿಯನ್ನು ಮತ್ತೆ ತೆರೆದಿಡುವಂತೆ ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಇರುಳಾಕಾಶ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಫೈಲುಗಳಿರುವ ರೂಪಗಳನ್ನು ಪ್ರತ್ಯೇಕ ಡೈರೆಕ್ಟರಿಯಲ್ಲಿ ಜೀವಂತವಾಗಿಯೂ, ಎರಡನೆಯದನ್ನು ಸಿಕ್ಕಷ್ಟರ ಮಟ್ಟಿಗೆ ದಿನಾಂಕಗಳ ಸಮೇತವೂ ಇಡುತ್ತೇನೆ. ಪ್ರತಿ ರೂಪದ ಜೊತೆ ಪರದೆ, ಸಂಪರ್ಕದ ವೇಗ ಮತ್ತು ಓದುಗರಿದ್ದ ಸ್ಥಳದ ಕುರಿತು ಒಂದು ಟಿಪ್ಪಣಿ ಬರೆಯುವ ಆಲೋಚನೆ ಬಹಳ ಹಿಡಿಸಿತು. ದೊಡ್ಡ ಪರದೆಗೆ ಎಡಗಡೆಯ ಪಟ್ಟಿಯನ್ನೂ ಮರಳಿ ತರುತ್ತೇನೆ. ಇನ್ನೊಂದು ಸಂದೇಹ: ಹೇಲ್-ಬಾಪ್‌ನ ಹಳೆಯ ಚಿತ್ರಗಳು ಇಂದಿನ ಪರದೆಯಲ್ಲಿ ಅಂಚೆಚೀಟಿಯಷ್ಟು ಕಾಣುತ್ತವೆ. ನೆಗೆಟಿವ್‌ಗಳು ನನ್ನಲ್ಲಿವೆ. ಮತ್ತೆ ಸ್ಕ್ಯಾನ್ ಮಾಡಿ ಹಳೆಯವುಗಳ ಬದಲಿಗೆ ಹಾಕಬಹುದೇ?

ಹಳೆಕಡತ

ಸ್ಕ್ಯಾನ್ ಖಂಡಿತ ಮಾಡಿ, ಆದರೆ ಇಂದಿನ ಪುಟಕ್ಕೆ ಮಾತ್ರ. ಹಳೆಯ ರೂಪದೊಳಗೆ ಹಳೆಯ ಫೈಲೇ ಇರಲಿ, ಅದರಿಂದ ಹೊಸ ಚಿತ್ರಕ್ಕೆ ಕೊಂಡಿ ಕೊಡಿ. ಇದೇ ಕೆಲಸದ ಜೊತೆಗೆ 1997ರ ಪುಟಗಳ ಮೂಲ ವಿಳಾಸಗಳ ಪಟ್ಟಿಯನ್ನೂ ಮಾಡಿಕೊಳ್ಳಿ. ಬೇರೆಯವರ ತಾಣಗಳಿಂದ ಆ ವಿಳಾಸಗಳಿಗೆ ಕೊಂಡಿಗಳು ಇನ್ನೂ ಇರಬಹುದು. ಡೊಮೇನ್ ನಿಮ್ಮದೇ ಆಗಿ ಉಳಿದಿದ್ದರೆ ಪ್ರತಿಯೊಂದನ್ನೂ, ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆಯೆಂದು ಬ್ರೌಸರ್‌ಗೆ ತಿಳಿಸುವ 301 ಸಂಕೇತದ ಮೂಲಕ, ಅದಕ್ಕೆ ಸರಿಹೊಂದುವ ಇಂದಿನ ಪುಟಕ್ಕೆ ತಿರುಗಿಸಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಬೇಡಿ. ಧೂಮಕೇತುವಿನ ಚಿತ್ರ ಹುಡುಕಿಕೊಂಡು ಬಂದವರಿಗೆ ಆ ಚಿತ್ರವೇ ಸಿಗಬೇಕು.