ಅಪ್‌ಡೇಟ್: ಕ್ವೀನ್ಸ್‌ನಲ್ಲಿ ಕೊನೆಗೂ ಮನೆ ಆಯ್ತು

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಜಾಕ್ಸನ್ ಹೈಟ್ಸ್ ಕಡೆ, ಕಾಂಡೋ (ಫ್ಲಾಟ್ ನೇರವಾಗಿ ನಮ್ಮ ಹೆಸರಿಗೇ ಆಗೋದು) ತಗೊಳ್ಳೋದಾ ಕೋ-ಆಪಾ (ಇಡೀ ಬಿಲ್ಡಿಂಗ್ ಒಂದು ಕಂಪನಿಯದ್ದು, ನಾವು ಅದರ ಷೇರುದಾರರಾಗಿ ಅಲ್ಲಿರೋದು) ಅಂತ ಇಲ್ಲಿ ಕೇಳಿದ್ದೆ ಅಲ್ವಾ, ಕೋ-ಆಪೇ ತಗೊಂಡ್ವಿ, ಕೀ ಕೈಗೆ ಬಂತು! ತುಂಬಾ ಉಪಯೋಗಕ್ಕೆ ಬಂದಿದ್ದು ನೀವು "ಕಾಂಟ್ರ್ಯಾಕ್ಟಿಗೆ ಸೈನ್ ಹಾಕೋ ಮುಂಚೆ ಲಾಯರ್ ಕೈಲಿ ಬೋರ್ಡ್ (ಬಿಲ್ಡಿಂಗ್ ನಡೆಸೋ ಸಮಿತಿ) ಮೀಟಿಂಗ್ ಮಿನಿಟ್ಸ್ ಓದಿಸಿ" ಅಂದಿದ್ರಲ್ಲ, ಅದು. ಮೊದಲು ಇಷ್ಟ ಆಗಿದ್ದ ಬಿಲ್ಡಿಂಗಲ್ಲಿ ಛಾವಣಿ ಸೋರ್ತಿದೆ, ಬಾಯ್ಲರ್ ಬದಲಾಯಿಸ್ಬೇಕು, ಅದಕ್ಕೆ ಎಲ್ಲ ಮನೆಯವ್ರ ಮೇಲೂ ಎಕ್ಸ್‌ಟ್ರಾ ದುಡ್ಡು ಹಾಕೋಣ ಅಂತೆಲ್ಲ ಅದ್ರಲ್ಲೇ ಬರ್ದಿತ್ತು, ಬಿಟ್ಬಿಟ್ವಿ. 20% ಗಿಂತ ಕಮ್ಮಿ ಡೌನ್ ಪೇಮೆಂಟ್ ಕೇಳಿ ನೋಡಿ ಅಂದಿದ್ದು ನಡೀಲಿಲ್ಲ, ಬ್ಯಾಂಕ್ ಒಪ್ತು, ಬೋರ್ಡ್ ಒಪ್ಪಲಿಲ್ಲ.

ಆಶ್ಚರ್ಯ ಆಗಿದ್ದು ಏನಂದ್ರೆ, ಕೋ-ಆಪಲ್ಲಿ ಮನೆ ಪತ್ರ ಸಿಗಲ್ಲ, ಆ ಕಂಪನಿಯ ಷೇರು ಮತ್ತೆ ಮನೆಯ ಲೀಸ್ ಸಿಗುತ್ತೆ, ಅದಕ್ಕೇ ಮಾರ್ಟ್‌ಗೇಜ್ ರೆಕಾರ್ಡಿಂಗ್ ಟ್ಯಾಕ್ಸ್ (ಮನೆ ಸಾಲದ ಪತ್ರ ನೋಂದಣಿಗೆ ಕಟ್ಟೋ ತೆರಿಗೆ) ಕಟ್ಟಬೇಕಾಗಿಲ್ಲ, ಪ್ರಾಪರ್ಟಿ ಟ್ಯಾಕ್ಸೂ ತಿಂಗಳ ಮೇಂಟೆನೆನ್ಸ್‌ನಲ್ಲೇ ಸೇರಿರುತ್ತೆ.

ಏರಿಯಾ ಅಂತೂ ಸಿಕ್ಕಾಪಟ್ಟೆ ಇಷ್ಟ ಆಗಿದೆ. 74ನೇ ಸ್ಟ್ರೀಟಲ್ಲಿ ಕರಿಬೇವು ತಗೊಂಡು ಬರೋ ದಾರೀಲೇ ಟಿಬೆಟಿಯನ್ ಮೊಮೊ, ಪಕ್ಕದ ಮನೆ ಕೊಲಂಬಿಯಾದ ಅಜ್ಜಿ ನಮ್ಮ ಮಗಳಿಗೆ ಸ್ಪ್ಯಾನಿಷ್ ಎಣಿಕೆ ಕಲಿಸ್ತಿದ್ದಾರೆ. ಆದ್ರೆ ರೂಸ್‌ವೆಲ್ಟ್ ಅವೆನ್ಯೂ ಹತ್ರ ಮನೆ ನೋಡೋರು ಸಂಜೆ ಹೊತ್ತು ಹೋಗಿ ಕಿಟಕಿ ತೆಗೆದು ನಿಂತ್ಕೊಳ್ಳಿ, 7 ನಂಬರ್ ಮೆಟ್ರೋ ಟ್ರೇನ್ ತಲೆ ಮೇಲೇ ಓಡುತ್ತೆ. ಮಾರೋವಾಗ ಫ್ಲಿಪ್ ಟ್ಯಾಕ್ಸ್ (ಬಿಲ್ಡಿಂಗ್‌ಗೆ ಕಟ್ಟೋ ಶುಲ್ಕ) ಎಷ್ಟು ಅಂತಾನೂ ಈಗ್ಲೇ ಕೇಳ್ಕೊಳ್ಳಿ, ಬಿಲ್ಡಿಂಗಿಂದ ಬಿಲ್ಡಿಂಗಿಗೆ ಬೇರೆ ಬೇರೆ ಇರುತ್ತೆ.